ಕೃಷ್ಣವೇಣಿಯ ಕಂಬಳಿರಾಯ

ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಶೆಡ್ಡುಗಳು ಬೇಕಾದಷ್ಟಿವೆ. ಅವುಗಳಲ್ಲೊಂದರ ಒಳಗೆ, ಬಾಗಿಲಿನಿಂದ ಎಡಕ್ಕೆ, ಫ್ಯಾನಿನ ಗಾಳಿ ನೇರವಾಗಿ ಬೀಳುವ ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಕೂತಿರುವವಳು ಕೃಷ್ಣವೇಣಿ. ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ದಪ್ಪ ದಾರದಲ್ಲಿ ಹೊಲಿದ ಒಂದು ಚಿತ್ತಾರ ಇರುತ್ತದಲ್ಲ, ಎರಡು ಬಾಗಿದ ಗೆರೆಯೋ, ಹದ್ದಿನ ರೆಕ್ಕೆಯೋ, ಅದನ್ನು ಮೊದಲು ಚಾಕ್‌ಪೀಸಿನಲ್ಲಿ ಬರೆದುಕೊಡುವುದು ಅವಳ ಕೆಲಸ. ಆಂಧ್ರ, ಕರ್ನಾಟಕದ ಎಷ್ಟು ಹುಡುಗರು ಅವಳ ಚಿತ್ರದ ಮೇಲೆ ಕೂತು ಬೈಕು ಓಡಿಸುತ್ತಿದ್ದಾರೋ ದೇವರಿಗೇ ಗೊತ್ತು. ಇಷ್ಟು ಜನರ ಭಾರ ಹೊತ್ತ ಕಲಾವಿದರು ದೊಡ್ಡ ಊರುಗಳಲ್ಲೂ ಸಿಗಲಿಕ್ಕಿಲ್ಲ.

ಆದರೆ ಶೆಡ್ಡಿನಲ್ಲಿ ಅವಳು ಹೆಸರುವಾಸಿಯಾಗಿರುವುದು ಜೇಬಿನಿಂದಲ್ಲ. ಸೂಪರ್‌ವೈಸರ್ ದಾರ ಖಾಲಿಯಾಯಿತೆಂದು ಕೂಗಾಡಿದರೆ, ಇಬ್ಬರು ಹೆಂಗಸರು ಒಂದು ಕತ್ತರಿಗೆ ಕಿತ್ತಾಡಿದರೆ, ಯಾವುದಾದರೊಂದು ಮಷೀನಿನ ಹಿಂದಿನಿಂದ ದನಿಯೊಂದು ಏಳುತ್ತದೆ: “ಕುಂದ್ರಪ್ಪ, ಮಾತಾಡಾಣ!” ಶೆಡ್ಡಿಗೆ ಶೆಡ್ಡೇ ಗೊಳ್ಳೆಂದು ನಗುತ್ತದೆ. ಕೃಷ್ಣವೇಣಿಯೂ ನಗುತ್ತಾಳೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಕ್ಕು ನಕ್ಕು ಅವಳಿಗೆ ಅಭ್ಯಾಸವಾಗಿದೆ. ಒಳಗೊಳಗೆ ಉರಿದುಕೊಳ್ಳುವುದೂ ಅಷ್ಟೇ ಅಭ್ಯಾಸವಾಗಿದೆ.

ಆ ಮಾತು ಕಂಬಳಿರಾಯನದು. ಕಂಬಳಿರಾಯ ಒಬ್ಬ ಸೂಪರ್ ಹೀರೋ. ಅವನನ್ನು ಹುಟ್ಟಿಸಿದ ತಪ್ಪಿಗೆ ಈಕೆ ಈ ಪಾಡು ಪಡುತ್ತಿದ್ದಾಳೆ.

ಕೃಷ್ಣವೇಣಿಯ ತವರು ಮಡಕಶಿರದ ಕಡೆಯ ಒಂದು ಹಳ್ಳಿ. ಕುರಿ ಸಾಕುವ ಮನೆ. ಅಪ್ಪ ಮನೆಯಳಿಯನಾಗಿ ಬಂದವನಾದ್ದರಿಂದ ಅವಳು ಬೆಳೆದದ್ದು ತಾಯಿಯ ತಂದೆ ಜುಂಜಪ್ಪ ತಾತನ ಮನೆಯಲ್ಲೇ. ತಾತನ ಹೆಗಲ ಮೇಲೆ ಬೇಸಿಗೆಯೆನ್ನದೆ ಚಳಿಯೆನ್ನದೆ ಒಂದು ಕರಿ ಕಂಬಳಿ. ಸುತ್ತಲ ಹಳ್ಳಿಗಳಲ್ಲಿ ಮೇವಿಗೋ, ಬಾವಿ ನೀರಿಗೋ, ತಪ್ಪಿಸಿಕೊಂಡ ಟಗರಿಗೋ ಜಗಳ ಬಿದ್ದರೆ ತಾತನಿಗೆ ಹೇಳಿ ಕಳಿಸುತ್ತಿದ್ದರು. ಇಲ್ಲವೇ ಜಗಳವಾಡುವವರೇ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ತಾತ ಕಂಬಳಿಯನ್ನು ಎರಡು ಸಲ ಕೊಡವಿ ಅಂಗಳದಲ್ಲಿ ಹಾಸಿ, “ಕೂತ್ಕಳ್ರಪ್ಪ, ಮಾತಾಡಾನ” ಎನ್ನುತ್ತಿದ್ದ. ಹಾಸಿದ ಕಂಬಳಿಯ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ, ಕೈ ಎತ್ತುವಂತಿಲ್ಲ, ಮಾತು ತೀರುವ ತನಕ ಏಳುವಂತಿಲ್ಲ. ಹುಡುಗಿ ಕೃಷ್ಣವೇಣಿ ಮಾಳಿಗೆಯ ಮೇಲೆ ಬೋರಲು ಮಲಗಿ ಇದನ್ನು ಕದ್ದು ನೋಡುತ್ತಿದ್ದಳು. ಕಂಬಳಿ ನೆಲಕ್ಕೆ ಬಿದ್ದದ್ದೇ ತಡ, ಅಜ್ಜಿ ಕೆಳಗಿನಿಂದ ಗದರುವಳು: “ದೊಡ್ಡೋರ ಮಾತು ಕೇಳಾಕೆ ನಿಂತ್ಕಂಡ್ಯಾ? ಇಳಿ ಕೆಳಕ್ಕೆ!” ಮುಂದಿನದನ್ನು ನೋಡುವ ಭಾಗ್ಯ ಅವಳಿಗೆ ಒಂದು ಸಲವೂ ಸಿಗಲಿಲ್ಲ.

ತಾತ ಅವಳು ಹೈಸ್ಕೂಲು ಸೇರುವ ಮೊದಲೇ ತೀರಿಕೊಂಡ. ಅವನು ಹೋದ ಮೇಲೆ ಹುಡುಗಿ ಅವನನ್ನು ಬರೆಯಲು ಶುರು ಮಾಡಿದಳು. ಅಟ್ಟದ ಗೋಡೆಯ ಮೇಲೆ ಇದ್ದಿಲಲ್ಲಿ, ಶಾಲೆಯ ಸ್ಲೇಟಿನ ಮೇಲೆ, ಕೊನೆಗೆ ಬಿಳಿ ಹಾಳೆಯ ಮೇಲೆ. ಬಳ್ಳಾರಿಯಿಂದ ‘ಗಿರಗಿಟ್ಲೆ’ ಅಂತ ಒಂದು ಮಕ್ಕಳ ಮಾಸಪತ್ರಿಕೆ ಬರುತ್ತಿತ್ತು. ಅದಕ್ಕೆ ಚಿತ್ರಕಥೆ ಕಳಿಸಿದಳು. ಹದಿನೆಂಟರ ಹುಡುಗಿ ಬರೆದ ಕಂಬಳಿರಾಯ ಪ್ರಕಟವಾಗಿಯೇ ಬಿಟ್ಟ. ಬಂದೂಕು ಹಿಡಿದ ದರೋಡೆಕೋರರು ಬಂದರೆ ಕಂಬಳಿರಾಯ ಕಂಬಳಿ ಬೀಸುತ್ತಾನೆ, ಅದು ಹಾರಿಹೋಗಿ ಅವರ ಕಾಲಡಿ ಹಾಸಿಕೊಳ್ಳುತ್ತದೆ, ಅವರು ಧೊಪ್ಪನೆ ಕೂರುತ್ತಾರೆ. ರಾಯ ಸೊಂಟದ ಮೇಲೆ ಕೈಯಿಟ್ಟು, ಎದೆ ಸೆಟೆಸಿ ನಿಂತು ಹೇಳುತ್ತಾನೆ: “ಕೂತ್ಕೊ, ಮಾತಾಡೋಣ!” ಮುಗಿಯಿತು. ಒಂದು ಏಟಿಲ್ಲ, ಒಂದು ಒದೆಯಿಲ್ಲ.

ಓದುವ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಓದುಗರ ಪುಟದಲ್ಲಿ ಒಬ್ಬ ಹುಡುಗ, “ಇವನು ಸೂಪರ್ ಹೀರೋನೋ, ಮದುವೆ ಮನೆಯಲ್ಲಿ ಚಾಪೆ ಹಾಸುವವನೋ?” ಎಂದು ಕೇಳಿದ. ಇನ್ನೊಬ್ಬಳು, “ನಮ್ಮ ಲೆಕ್ಕದ ಮೇಷ್ಟ್ರು ಇವನಿಗಿಂತ ಚೆನ್ನಾಗಿ ಹೊಡೆಯುತ್ತಾರೆ, ಅವರನ್ನೇ ಹೀರೋ ಮಾಡಿ” ಎಂದಳು. ಐದಾರು ಸಂಚಿಕೆಯಾದ ಮೇಲೆ ಸಂಪಾದಕರಿಗೆ ವಯಸ್ಸಾಗಿ ಪತ್ರಿಕೆಯೇ ನಿಂತುಹೋಯಿತು. ಕಂಬಳಿರಾಯನೂ ಅಲ್ಲಿಗೆ ಮಣ್ಣಾಗುತ್ತಿದ್ದ. ಆದರೆ ಈ ಮೊಬೈಲುಗಳು ಬಂದವಲ್ಲ! ಹಳೇ ಸಂಚಿಕೆಯ ಆ ಎದೆ ಸೆಟೆಸಿದ ಚಿತ್ರವನ್ನು ಯಾರೋ ಪುಣ್ಯಾತ್ಮ ವಾಟ್ಸಾಪಿನ ಸ್ಟಿಕ್ಕರ್ ಮಾಡಿದ. ಈಗ ನಾದಿನಿ ಅತ್ತಿಗೆ ಕಚ್ಚಾಡಿದರೂ ಕಂಬಳಿರಾಯ, ಊರ ರಾಜಕೀಯದವರು ಪಕ್ಷ ಬದಲಿಸಿದರೂ ಕಂಬಳಿರಾಯ.

ಜನ ನಗಲಿ, ನಕ್ಕರೆ ಯಾರ ಗಂಟು ಹೋಗುತ್ತದೆ ಎಂದು ಕೃಷ್ಣವೇಣಿ ಹೊರಗೆ ಹೇಳುತ್ತಿದ್ದಳು. ಹೋಗುತ್ತಿದ್ದುದು ಅವಳ ಗಂಟೇ. ಕಂಬಳಿರಾಯ ಅಂದರೆ ಜುಂಜಪ್ಪ ತಾತ ಅನ್ನುವುದು ಅವಳ ಗಂಡನೊಬ್ಬನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಹೆತ್ತ ತಾಯಿ ದುರುಗಕ್ಕನಿಗೂ ಗೊತ್ತಿರಲಿಲ್ಲ. ಚಿತ್ರಕಥೆ ಅಚ್ಚಾದಾಗ ಓಡಿಹೋಗಿ ತೋರಿಸಬೇಕೆಂದಿದ್ದವಳು ಓದುಗರ ಪುಟ ನೋಡಿ ಪತ್ರಿಕೆಯನ್ನು ಕಾಳಿನ ವಾಡೆಯೊಳಗೆ ಅಡಗಿಸಿದ್ದಳು. ನಿಮ್ಮಪ್ಪನನ್ನು ಊರೆಲ್ಲ ಆಡಿಕೊಂಡು ನಗುವ ಹಾಗೆ ಮಾಡಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಒಂದೇ ಒಂದು ಸಲ, ನಾಚಿಕೆಯಿಲ್ಲದೆ, ಅವನನ್ನು ಅವ್ವನ ಕೈಗೆ ಕೊಡಬೇಕು ಅನ್ನುವ ಆಸೆ ಅವಳಿಗೆ ಹಾಗೇ ಉಳಿದುಬಿಟ್ಟಿತ್ತು.

ಹೀಗಿರುವಾಗ ಒಂದು ದಿನ ಬಳ್ಳಾರಿಯಿಂದ ಫೋನು ಬಂತು. ಹಳೇ ಸಂಪಾದಕರ ಸೋದರಳಿಯ ಉಮಾಮಹೇಶ್ವರ ಅಂತೆ, ಸ್ವಂತ ಪ್ರೆಸ್ ಇದೆಯಂತೆ, ‘ಗಿರಗಿಟ್ಲೆ’ಯನ್ನು ಪೂರ್ತಿ ಕಾಮಿಕ್ಸ್ ಪುಸ್ತಕವಾಗಿ ಮತ್ತೆ ಶುರು ಮಾಡುತ್ತಾನಂತೆ. ಅದರಲ್ಲಿ ಕಂಬಳಿರಾಯ ಬೇಕೇ ಬೇಕಂತೆ. ಕೃಷ್ಣವೇಣಿ ಆ ದಿನ ಬರೆದ ಜೇಬುಗಳೆಲ್ಲ ವಕ್ರವಾದವು. ಸೂಪರ್‌ವೈಸರ್ ಬೈದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಭಾನುವಾರ ಉಮಾಮಹೇಶ್ವರ ಬೈಕಿನಲ್ಲಿ ಬಂದೇ ಬಿಟ್ಟ. ಮೂವತ್ತರ ಆಸುಪಾಸಿನ, ಮಾತಿಗೊಮ್ಮೆ ನಗುವ ಒಳ್ಳೆಯ ಹುಡುಗ. ಕೃಷ್ಣವೇಣಿಯ ಗಂಡ ಹನುಮಂತು ಆಟೋದಿಂದ ಜೀನ್ಸಿನ ಗಂಟುಗಳನ್ನು ಇಳಿಸಿ ಬಂದು ಎದುರಿಗೆ ಕೂತ. ರಾಯದುರ್ಗದಲ್ಲಿ ಹೊಲಿದ ಪ್ಯಾಂಟುಗಳನ್ನು ಬಳ್ಳಾರಿಯ ವಾಷಿಂಗ್ ಯೂನಿಟ್ಟಿಗೆ ಒಯ್ಯುವುದು ಅವನ ದಂಧೆ. ಮಂಡಕ್ಕಿ, ಮಿರ್ಚಿ ಬಂದವು.

“ಅಕ್ಕಾರ, ಕಂಬಳಿರಾಯ ಅಂದ್ರ ಈಗ ಭಾಳ ಫೇಮಸ್ಸು. ಎಲ್ಲಾರ ಮೊಬೈಲ್‌ನ್ಯಾಗ ಅದಾನ,” ಎಂದ ಉಮಾಮಹೇಶ್ವರ. “ಅದಕ್ಕ ಮೊದಲ್ನೇ ಸಂಚಿಕೆಯೊಳಗ ಅವನ್ನ ತರ್ತೀವಿ. ಹೊಸ ಹೀರೋ ಒಬ್ಬ ಬರ್ತಾನ್ರಿ, ಮಿಂಚುಗಾಲ ಅಂತ. ಓಡಾಕ ನಿಂತ್ರ ಕಣ್ಣಿಗೆ ಕಾಣಂಗಿಲ್ಲ. ಅವ ಏನ್ ಮಾಡ್ತಾನ ಅಂದ್ರ, ಕಂಬಳಿರಾಯನ್ನ ಅವನ ಕಂಬಳಿಯೊಳಗಽ ಸುತ್ತಿ ಹಾಳಬಾವಿಗೆ ಒಗದುಬಿಡ್ತಾನ. ಹುಡುಗ್ರು ಬಿದ್ದು ಬಿದ್ದು ನಗ್ತಾರ ನೋಡ್ರಿ!”

ಕೃಷ್ಣವೇಣಿಯ ಕೈಯ ಮಿರ್ಚಿ ತಟ್ಟೆಗೆ ವಾಪಸಾಯಿತು. “ಬಾವಿಗ್ಯಾಕ ಒಗೀತಾನ್ರಿ? ಇವ ಅವನಿಗೆ ಏನ್ ಮಾಡ್ಯಾನ?”

“ಏನೂ ಮಾಡಂಗಿಲ್ಲಲ್ರಿ, ಅದಕ್ಕ!”

ಹನುಮಂತು ನಗು ತಡೆಯಲಾರದೆ ಕೆಮ್ಮಿದ. ಹೆಂಡತಿ ಅವನ ಕಡೆ ನೋಡಿದ ನೋಟಕ್ಕೆ ಆ ಕೆಮ್ಮು ಅಲ್ಲೇ ನಿಂತಿತು. ಅವಳ ಮುಖ ಕೆಂಪಾಗಿತ್ತು. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಒಂದು ಸಲ ಆಡಿಕೊಂಡದ್ದು ಸಾಲದೆಂದು ಈಗ ಬಾವಿಗೆ ಬೇರೆ ಎಸೆಯುತ್ತಾರಂತೆ, ತಾತನನ್ನು!

“ನನಗ ಎಂಟು ಪುಟ ಕೊಡ್ರಿ,” ಎಂದಳು. “ಮಿಂಚುಗಾಲನೂ ಇರ್ಲಿ, ಬ್ಯಾಡ ಅನ್ನಲ್ಲ. ಕಥಿ ನಾ ಬರೀತೀನಿ. ನಿಮ್ಮ ಓಣಿ ಹುಡುಗ್ರಿಗೆ ತೋರಸ್ರಿ. ಅವರು ಕಂಬಳಿರಾಯನ್ನ ನೋಡಿ ನಕ್ಕರ, ಬಾವಿಗಾದ್ರೂ ಒಗೀರಿ, ಕೆರಿಗಾದ್ರೂ ಒಗೀರಿ, ನಾ ಮಾತಾಡಂಗಿಲ್ಲ.”

ಉಮಾಮಹೇಶ್ವರ ಹನುಮಂತುವಿನ ಮುಖ ನೋಡಿದ. ಹನುಮಂತು, ಆಕೆ ಹೇಳಿದ ಮೇಲೆ ಮುಗೀತು ಅನ್ನುವ ಹಾಗೆ ತಲೆಯಾಡಿಸಿದ. ಒಪ್ಪಂದವಾಯಿತು. ಬಂದವನು ಉಳಿದ ಮಿರ್ಚಿಯನ್ನೂ ಮುಗಿಸಿ ಹೊರಟ.

ಮಾತು ಕೊಟ್ಟದ್ದೇನೋ ಸರಿ, ಬರೆಯಬೇಕಲ್ಲ. ಕೃಷ್ಣವೇಣಿಗೆ ನೇರವಾಗಿ ಕಾಗದದ ಮೇಲೆ ಬರೆಯುವ ರೂಢಿ ಈಗ ತಪ್ಪಿತ್ತು. ಶೆಡ್ಡಿನಿಂದ ತಂದ ಜೀನ್ಸಿನ ತುಂಡುಗಳನ್ನು ತೊಡೆಯ ಮೇಲೆ ಹರಡಿಕೊಂಡು ಚಾಕ್‌ಪೀಸಿನಲ್ಲಿ ಬರೆಯುವುದು, ಸರಿಬಾರದಿದ್ದರೆ ಅಂಗೈಯಲ್ಲಿ ಉಜ್ಜಿ ಅಳಿಸುವುದು ಅವಳ ರೀತಿ. ಅಡುಗೆಯಾದ ಮೇಲೆ, ಟೀವಿಯ ಧಾರಾವಾಹಿಯಲ್ಲಿ ಅತ್ತೆಯರು ಸೊಸೆಯರನ್ನು ಗೋಳುಹೊಯ್ದುಕೊಳ್ಳುವ ಹೊತ್ತಿನಲ್ಲಿ, ಅವಳು ಕಂಬಳಿರಾಯನ ರಿಪೇರಿಗೆ ಕೂತಳು.

ಮೊದಲು ಅವನಿಗೆ ತೋಳಿನ ಖಂಡ ಬಂದವು, ಎದೆ ಅಗಲವಾಯಿತು. ಹನುಮಂತು ಬಗ್ಗಿ ನೋಡಿ, “ಇವ ನಮ್ಮ ಜಿಮ್ಮಿನ ಬಾಲರಾಜು ಇದ್ದಂಗ ಅದಾನಲ್ಲ! ಫೀಸು ಕೇಳಾಕ ಬಂದಾನೇನು?” ಎಂದ. ಅಳಿಸಿದಳು. ಮತ್ತೊಂದು ದಿನ ಜೀನ್ಸ್ ತೊಡಿಸಿ ಕಪ್ಪು ಕನ್ನಡಕ ಹಾಕಿದಳು. “ಪ್ಯಾಂಟು ನಮ್ಮ ಶೆಡ್ಡಿಂದ ಒಯ್ದಾನ, ಜೇಬಿನ ಡಿಸೈನು ನಿಂದೇ ಐತಿ,” ಎಂದ ಗಂಡ. ಅದೂ ಅಳಿಸಿಹೋಯಿತು. ಆಮೇಲೆ ಹಟ ಹಿಡಿದು ಕಂಬಳಿಯಿಂದ ಬೆಂಕಿಯುಂಡೆ ಉಗುಳಿಸಿದಳು. ಹನುಮಂತು ಅದನ್ನೂ ಬಗ್ಗಿ ನೋಡಿದ.

“ಬೆಂಕಿ ಚಲೋ ಬಂದೈತಿ. ಆದ್ರ ಕಂಬಳಿ ಸುಟ್ಟು ಹೋದ್ರ ಅವ ಮಂದೀನ ಯಾತರ ಮ್ಯಾಲ ಕುಂದ್ರಸ್ತಾನ?”

“ನೀ ಸುಮ್ನ ಉಣ್ಣು,” ಎಂದಳು ಕೃಷ್ಣವೇಣಿ. ತುಂಡನ್ನು ಮುದ್ದೆ ಮಾಡಿ ಮೂಲೆಗೆಸೆದಳು. ಗಂಡ ಹೇಳಿದ್ದು ಸರಿಯಿತ್ತು ಎನ್ನುವುದೇ ಅವಳಿಗೆ ಹೆಚ್ಚು ಉರಿ. ಯಾವ ವೇಷ ಹಾಕಿದರೂ ಅವನು ಇನ್ಯಾರೋ ಆಗುತ್ತಿದ್ದ. ವೇಷ ಕಳಚಿದರೆ ಮತ್ತೆ ಅದೇ ಸ್ಟಿಕ್ಕರಿನವನು, ಸೊಂಟದ ಮೇಲೆ ಕೈ ಇಟ್ಟವನು.

ತಲೆ ಕೆಟ್ಟಾಗ ತವರಿಗೆ ಹೋಗುವುದಕ್ಕೆ ಯಾವ ಹೆಣ್ಣಿಗೂ ನೆಪ ಬೇಕಾಗಿಲ್ಲ. ಎರಡು ದಿನ ರಜೆ ಹಾಕಿ ಬಸ್ಸು ಹತ್ತಿದಳು. ಕಲ್ಯಾಣದುರ್ಗ ದಾಟುವ ತನಕ ಅವಳ ಬಾಯಲ್ಲಿ ರಾಯದುರ್ಗದ ಮಾತು. ಕಂಡಕ್ಟರನ ಜೊತೆ ತೆಲುಗಿನಲ್ಲಿ ಚಿಲ್ಲರೆಗೆ ಜಗಳ. ಪಾವಗಡ ಬರುವಷ್ಟರಲ್ಲಿ ನಾಲಿಗೆ ತಾನಾಗಿ ಮಗ್ಗಲು ಬದಲಿಸಿ, ಪಕ್ಕದ ಸೀಟಿನವಳನ್ನು “ಯಾವೂರಾತವ್ವಾ?” ಎಂದು ಕೇಳುತ್ತಿತ್ತು. ಮನೆ ಸೇರಿದಾಗ ದುರುಗಕ್ಕ ಕುರಿದೊಡ್ಡಿಯ ಪಕ್ಕ ಕೂತು ತಾಯಿ ಇಲ್ಲದ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು.

ಊಟವಾಯಿತು. ಊರ ಸುದ್ದಿಯೆಲ್ಲ ಆಯಿತು. ಆಮೇಲೆ ಕೃಷ್ಣವೇಣಿ ಏನೂ ಅಲ್ಲವೆಂಬಂತೆ ಮೊಬೈಲು ತೆಗೆದು ಆ ಸ್ಟಿಕ್ಕರನ್ನು ತಾಯಿಯ ಮುಂದೆ ಹಿಡಿದಳು. ಯಾಕೆ ಹಿಡಿದಳೋ, ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ದುರುಗಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿದವಳೇ ಹಲ್ಲಿಲ್ಲದ ಬಾಯಿ ಬಿಟ್ಟು ಕಿಸಕ್ಕನೆ ನಕ್ಕುಬಿಟ್ಟಳು.

ಅಲ್ಲಿಗೆ ಕೃಷ್ಣವೇಣಿಯ ಎದೆ ಒಡೆಯಿತು. ಲೋಕವೆಲ್ಲ ನಕ್ಕದ್ದು ಒಂದು ತೂಕ, ಅವ್ವ ನಕ್ಕದ್ದು ಒಂದು ತೂಕ.

“ಯಾಕವ್ವಾ ನಗ್ತೀಯ?”

“ನಗ್ದೆ ಇನ್ನೇನೇ? ಯಾರೇ ಇವ್ನು, ಕಂಬ್ಳಿ ಹಾಸಿ ಪೋಲೀಸ್ನೋನಂಗೆ ನಿಂತವ್ನೆ?” ದುರುಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹಾಸ್ದೋನು ನಿಂತ್ಕಂಡ್ರೆ ಯಾವನು ಕೂತ್ಕಂತಾನೆ? ನಮ್ಮಪ್ಪ ಹಾಸ್ತಿದ್ನಲ್ಲ, ಮೊದ್ಲು ತಾನು ಕೂತ್ಕಳಾನು. ಆಮ್ಯಾಕೆ ಬೇರೇರ್ನ ಕರೆಯಾನು. ಹಾಸ್ದೋನು ಮೊದ್ಲು ಕೂರ್ಬೇಕು, ಎಲ್ರೂ ಎದ್ದ ಮ್ಯಾಲೆ ಕೊನೀಗೆ ಏಳ್ಬೇಕು. ಇಲ್ದಿದ್ರೆ ಅದು ಬರೀ ಕಂಬ್ಳಿ ಕಣೆ.”

ಕೃಷ್ಣವೇಣಿ ಬಾಯಿ ಬಿಟ್ಟುಕೊಂಡು ಕೂತಳು. “ಮತ್ತೆ ನಾನು ನೋಡಿದ್ದು ತಾತ ನಿಂತ್ಕಂಡಿದ್ದೇ ಅಲ್ವಾ?”

“ಕಂಬ್ಳಿ ಕೊಡ್ವೋವಾಗ ನಿಂತ್ಕಳ್ದೆ ಮಲೀಕಂತಾರಾ? ಅದು ಬೀಳ್ತಿದ್ದಂಗೆ ನಮ್ಮವ್ವ ನಿನ್ನ ಮಾಳ್ಗೆಯಿಂದ ಇಳ್ಸಿಬಿಡೋಳು. ಕೂತಿದ್ದು ನೀನೆಲ್ಲಿ ನೋಡ್ದೆ?”

ಒಂದು ಮಾಳಿಗೆ, ಒಬ್ಬ ಗದರುವ ಅಜ್ಜಿ. ಅಷ್ಟಕ್ಕೇ ಕಂಬಳಿರಾಯ ಇಷ್ಟು ವರ್ಷ ಕಾಲು ನೋಯಿಸಿಕೊಂಡು ನಿಂತಿದ್ದ. ಕೃಷ್ಣವೇಣಿಗೆ ನಗು ಬಂತು, ತಾಯಿಗೂ ಮತ್ತೆ ಬಂತು, ಇಬ್ಬರೂ ಸೇರಿ ಕುರಿಗಳು ಎದ್ದು ನೋಡುವ ಹಾಗೆ ನಕ್ಕರು. ಆಮೇಲೆ ದುರುಗಕ್ಕನ ಬಾಯಿಗೆ ಕಡಿವಾಣ ಇರಲಿಲ್ಲ.

“ಚಿಕ್ಕತಿಮ್ಮಯ್ಯಂಗೂ ಅವ್ನ ಅಣ್ಣಂಗೂ ಒಂದು ಟಗರಿಗೆ ಬಿದ್ದಿತ್ತು ನೋಡು. ಇಬ್ರೂ ನಂದು ನಂದು ಅಂತಾರೆ. ಅಪ್ಪ ಕಂಬ್ಳಿ ಹಾಸ್ಕಂಡು ಕೂತ. ಅವ್ರೂ ಕೂತ್ರು. ಒಬ್ರೂ ಬಾಯಿ ಬಿಡವಲ್ರು. ಮಳೆ ಬಂತಲ್ಲ! ಊರೋರೆಲ್ಲ ಓಡೋದ್ರು. ಅಪ್ಪ ಅಲ್ಲಾಡ್ಲಿಲ್ಲ. ಅಪ್ಪ ಏಳ್ದೆ ಅವ್ರೆಂಗೆ ಏಳ್ತಾರೆ? ನಾನು ಮಜ್ಜಿಗೆ ಒಯ್ದೆ, ಅವ್ರು ಕುಡೀದೆ ನಾನು ಕುಡಿಯಲ್ಲ ಅಂದ. ಮೂರು ಜನ ನೆನ್ಕಂಡು ಕೂತವ್ರೆ. ಕಡೀಗೆ ಚಿಕ್ಕತಿಮ್ಮಯ್ಯನೇ, ಟಗರು ನೀನೇ ಇಟ್ಕಳಪ್ಪ, ಯಜಮಾನ್ರಿಗೆ ಚಳಿ ಹತ್ತೈತೆ ಅಂದ. ಅಣ್ಣ ಅಳಕ್ಕೆ ಶುರು ಮಾಡ್ದ, ನಿಂದೇ ಕಣ್ಲಾ ಅಂದ. ಅಪ್ಪ ಜ್ವರ ಬಂದು ಮಲ್ಗಿದ್ನಾ, ಇಬ್ರೂ ಒಂದೇ ಚೊಂಬ್ನಾಗೆ ಕಷಾಯ ತಂದಿದ್ರು.”

“ಟಗರು ಯಾರ್ಗೆ ಹೋತು?”

“ಯಾರ್ಗೋ ಹೋತು ಬಿಡು. ಇವ್ನ್ಯಾರು ಅಂತ ಏಳ್ಲಿಲ್ವಲ್ಲ ನೀನು?” ದುರುಗಕ್ಕ ಮೊಬೈಲಿನ ಕಡೆ ಗದ್ದ ತೋರಿಸಿದಳು.

ಕೃಷ್ಣವೇಣಿ ಮೊಬೈಲನ್ನು ಮಡಿಲಿಗೆ ಹಾಕಿಕೊಂಡಳು. “ಯಾವನೋ ಬರ್ದವ್ನೆ, ತಿಳೀದೋನು,” ಎಂದಳು.

ರಾಯದುರ್ಗಕ್ಕೆ ವಾಪಸಾದವಳು ಬಸ್ಸಿನ ಧೂಳನ್ನೂ ತೊಳೆಯದೆ ಜೀನ್ಸಿನ ತುಂಡು ಹರಡಿಕೊಂಡಳು. ಈ ಸಲ ಕಂಬಳಿರಾಯನನ್ನು ಕೂರಿಸಿದಳು. ಒಂದು ಮೊಣಕಾಲು ಮೇಲೆ, ಅದರ ಮೇಲೆ ಮೊಣಕೈ, ಇನ್ನೊಂದು ಕಾಲು ಉದ್ದಕ್ಕೆ ಚಾಚಿಕೊಂಡು, ತಾತ ಸಂಜೆ ಬಾಗಿಲಲ್ಲಿ ಕೂರುತ್ತಿದ್ದ ಹಾಗೆ. ತೋಳಿನ ಖಂಡ ಇಲ್ಲ, ಕನ್ನಡಕ ಇಲ್ಲ. ಅಳಿಸುವ ಕೆಲಸವೇ ಬೀಳಲಿಲ್ಲ. ಹನುಮಂತು ಬಂದು ಬಗ್ಗಿ ನೋಡಿದ. ನೋಡಿದವನು ಒಳಗೆ ಹೋಗಿ ಅವಳಿಗೆ ಚಹಾ ಮಾಡಿ ತಂದ. ಮದುವೆಯಾದ ಮೇಲೆ ಅವನು ಚಹಾ ಮಾಡಿದ್ದು ಅದೇ ಮೊದಲು, ಸಕ್ಕರೆ ಹಾಕುವುದನ್ನು ಮರೆತಿದ್ದ.

ಕೂತ ಮೇಲೆ ಕಥೆ ಸರಸರ ಓಡಿತು. ಒಬ್ಬ ನೀರುಗಳ್ಳ ಇದ್ದಾನೆ. ಕೆರೆಯ ತೂಬಿನ ಕೀಲಿ ಕದ್ದು ಎಲ್ಲೋ ಬಚ್ಚಿಟ್ಟಿದ್ದಾನೆ. ಮಿಂಚುಗಾಲ ಅವನನ್ನು ಹಿಡಿಯಲು ಕೆರೆ ಏರಿಯ ಮೇಲೆ ಸುತ್ತುತ್ತಾನೆ, ಸುತ್ತುತ್ತಾನೆ, ಅವನ ಓಟದ ರಭಸಕ್ಕೆ ಏರಿಯೇ ಬಿರುಕು ಬಿಡುತ್ತದೆ. ಮಳೆ ಬೇರೆ ಹಿಡಿದಿದೆ, ಕೆರೆ ತುಂಬುತ್ತಿದೆ, ತೂಬು ತೆರೆಯದಿದ್ದರೆ ಏರಿ ಒಡೆದು ಊರು ಕೊಚ್ಚಿಹೋಗುತ್ತದೆ. ಕಂಬಳಿರಾಯ ಬರುತ್ತಾನೆ. ಏರಿಯ ಬುಡದಲ್ಲಿ ಕಂಬಳಿ ಹಾಸುತ್ತಾನೆ. ಮೊದಲು ತಾನು ಕೂರುತ್ತಾನೆ. ಆಮೇಲೆ ಒಂದು ಇಡೀ ಪುಟ ಯಾರೂ ಏನೂ ಮಾಡುವುದಿಲ್ಲ. ಒಂದು ಮೇಕೆ ಬಂದು ಕಂಬಳಿಯ ಅಂಚು ಮೂಸಿ ಹೋಗುತ್ತದೆ, ಅಷ್ಟೇ.

ಓಡಿ ಓಡಿ ಕಾಲು ಸೋತ ಕಳ್ಳ ಮೊದಲು ಕೂರುತ್ತಾನೆ. ಕೂರಲು ಬಾರದ ಮಿಂಚುಗಾಲ ಕಾಲುಬೆರಳು ಕೆರೆದುಕೊಳ್ಳುತ್ತ, ಒಂದು ತೊಡೆ ಊರಿ ಇನ್ನೊಂದು ಎತ್ತುತ್ತ, ಕೊನೆಗೆ ಅಂಚಿನಲ್ಲಿ ಕೂರುತ್ತಾನೆ. ಬಿರುಕಿನಿಂದ ನೀರು ಜಿನುಗುತ್ತದೆ. ಕಂಬಳಿಗೆ ಬರುತ್ತದೆ, ಮೊಣಕಾಲಿಗೆ ಬರುತ್ತದೆ, ರಾಯನ ಸೊಂಟಕ್ಕೆ ಬರುತ್ತದೆ. ಅವನು ಎದ್ದರೆ ಅದು ಬರೀ ಕಂಬಳಿ. ಏಳುವಂತಿಲ್ಲ. ಅವನ ಶಕ್ತಿಯೂ ಅದೇ, ಅವನ ಕಷ್ಟವೂ ಅದೇ. ಕಳ್ಳ ಅವನ ಮುಖ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಕೊನೆಯ ಪುಟಕ್ಕೆ ಕೀಲಿ ಎಲ್ಲಿದೆಯೆಂದು ಬಾಯಿ ಬಿಡುತ್ತಾನೆ. ಮಿಂಚುಗಾಲ ಮಿಂಚಿನ ಹಾಗೆ ಹೋಗಿ ಕೀಲಿ ತಂದು ತೂಬು ತೆರೆಯುತ್ತಾನೆ. ಎಲ್ಲರೂ ಎದ್ದ ಮೇಲೆ ಕಂಬಳಿರಾಯ ಏಳುತ್ತಾನೆ. ನೆನೆದ ಕಂಬಳಿಯ ಒಂದು ತುದಿಯನ್ನು ಕಳ್ಳನ ಕೈಗೆ ಕೊಟ್ಟು ಇಬ್ಬರೂ ಹಿಂಡುತ್ತಾರೆ.

ಕಾಗದಕ್ಕೆ ಇಳಿದ ಎಂಟು ಪುಟಗಳು ಹನುಮಂತುವಿನ ಆಟೋದಲ್ಲಿ, ವಾಷಿಂಗಿಗೆ ಹೊರಟ ಜೀನ್ಸಿನ ಗಂಟುಗಳ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಬಳ್ಳಾರಿಗೆ ಹೋದವು. ಆ ಮೇಲಿನ ದಿನಗಳಲ್ಲಿ ಕೃಷ್ಣವೇಣಿ ಮೊಬೈಲನ್ನು ರವಿಕೆಯೊಳಗೆ ಇಟ್ಟುಕೊಂಡು ಜೇಬು ಬರೆದಳು. ಅದು ಕುಂಯ್ ಎಂದರೆ ಅವಳ ಗೆರೆ ಹಾರುತ್ತಿತ್ತು. ನಾದಿನಿಯರ ಗುಂಪಿನಿಂದ ಅದೇ ಹಾಳು ಸ್ಟಿಕ್ಕರ್ ಬಂದಿರುತ್ತಿತ್ತು.

ಕೊನೆಗೂ ಉಮಾಮಹೇಶ್ವರನ ಫೋನು ಬಂತು.

“ಅಕ್ಕಾರ, ಓಣಿ ಹುಡುಗ್ರನ್ನ ಪ್ರೆಸ್ಸಿಗೆ ಕರಕೊಂಡ್ ಬಂದು ತೋರಿಸಿದೆ. ನಕ್ಕರ್ರಿ.”

ಕೃಷ್ಣವೇಣಿ ಚಾಕ್‌ಪೀಸು ಕೆಳಗಿಟ್ಟಳು. ಹಾಳಬಾವಿ ಕಣ್ಣ ಮುಂದೆ ಬಂತು. “ಹೌದಾ?” ಎಂದಳು.

“ಮಿಂಚುಗಾಲ ಕುಂದ್ರಾಕ ಒದ್ದಾಡ್ತಾನಲ್ರಿ, ಅದಕ್ಕ! ಒಬ್ಬ ಹುಡುಗ ಅಂತೂ ನೆಲದ ಮ್ಯಾಲ ಉಳ್ಳಾಡಿಬಿಟ್ಟ. ನನ್ನ ಹೊಸ ಹೀರೋನ ಮಾನ ಕಳದ್ರಿ ನೀವು. ಆದ್ರ ಕಂಬಳಿರಾಯನ ಸೊಂಟಕ್ಕ ನೀರು ಬಂದಾಗ ನೋಡ್ಬೇಕಿತ್ತು. ಒಬ್ರದೂ ಉಸಿರಿಲ್ಲ. ಒಬ್ಬಾಕಿ ಸಣ್ಣ ಹುಡುಗಿ, ಏಳಬ್ಯಾಡ, ಏಳಬ್ಯಾಡ ಅಂತ ಪುಟಕ್ಕ ಹೇಳಾಕತ್ತಿದ್ಲು. ಬಾವಿ ಕ್ಯಾನ್ಸಲ್ ಮಾಡೇನ್ರಿ. ರಕ್ಷಾಪುಟಕ್ಕ ಅವನನ್ನಽ ಹಾಕ್ತೀನಿ. ಕುಂತಿದ್ದು.”

ಕೃಷ್ಣವೇಣಿ ಫೋನು ಇಟ್ಟು, ಕಟಿಂಗ್ ಮೇಜಿನ ಮರೆಗೆ ಹೋಗಿ, ಜೀನ್ಸಿನ ರಾಶಿಗೆ ಮುಖ ಒತ್ತಿಕೊಂಡು ಅತ್ತಳು. ಸಂತೋಷದಲ್ಲಿ ಅಳುವವರನ್ನು ಸಮಾಧಾನ ಮಾಡಲು ಹೋಗಬಾರದು, ಆ ಬುದ್ಧಿ ಶೆಡ್ಡಿನವರಿಗೆ ಇರಲಿಲ್ಲ. ಏನಾಯ್ತು, ಏನಾಯ್ತು ಎಂದು ಹೆಂಗಸರೆಲ್ಲ ಮುತ್ತಿಕೊಂಡರು. ಅವಳು ಮೂಗು ಒರೆಸಿಕೊಂಡು, ಜೀನ್ಸಿನ ಬಣ್ಣ ಮೆತ್ತಿದ ನೀಲಿ ಮುಖದಲ್ಲೇ ಎಲ್ಲ ಹೇಳಿದಳು. ತಾತನ ವಿಷಯವನ್ನೂ ಹೇಳಿದಳು.

ಪುಸ್ತಕ ಬಂದ ದಿನ ಊಟದ ಹೊತ್ತಿನಲ್ಲಿ ಅದು ಶೆಡ್ಡಿನಲ್ಲಿ ಕೈಯಿಂದ ಕೈಗೆ ಹೋಗಿ ಉಪ್ಪಿನಕಾಯಿಯ ಎಣ್ಣೆ ಮೆತ್ತಿಸಿಕೊಂಡಿತು. ಆಮೇಲೆ ಅವಳನ್ನು ಗೇಲಿ ಮಾಡುವುದು ನಿಂತಿತು ಎಂದುಕೊಂಡರೆ ನಿಮಗೆ ರಾಯದುರ್ಗದವರು ಗೊತ್ತಿಲ್ಲ. ಈಗಲೂ ಕತ್ತರಿಗೆ ಜಗಳ ಬಿದ್ದರೆ “ಕುಂದ್ರಪ್ಪ” ಅನ್ನುವ ದನಿ ಏಳುತ್ತದೆ. ಒಂದೇ ವ್ಯತ್ಯಾಸವೆಂದರೆ, ಹಾಗೆ ಕೂಗಿದವಳನ್ನು ಉಳಿದವರು ಬಿಡುವುದಿಲ್ಲ. ಮೊದಲು ನೀ ಕುಂದ್ರು ಅನ್ನುತ್ತಾರೆ.

ಕೃಷ್ಣವೇಣಿ ಎಣ್ಣೆ ಮೆತ್ತದ ಇನ್ನೊಂದು ಪ್ರತಿಯನ್ನು ಸೀರೆಯೊಳಗೆ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದಳು. ದುರುಗಕ್ಕ ಪಡಸಾಲೆಯಲ್ಲಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಮಗಳು ಏನೂ ಹೇಳದೆ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟಳು. ದುರುಗಕ್ಕನಿಗೆ ಅಕ್ಷರ ಬಾರದು. ಅವಳು ಚಿತ್ರದ ಮೇಲೆ ಬೆರಳಿಟ್ಟು ಚೌಕದಿಂದ ಚೌಕಕ್ಕೆ ದಾಟಿಸುತ್ತ ನೋಡಿದಳು. ಓಡುವವರನ್ನು ನೋಡಿ, “ಇವಕ್ಕೇನು ಬಂದೈತೆ ರೋಗ,” ಎಂದಳು. ಕೃಷ್ಣವೇಣಿ ಕಂಬಕ್ಕೆ ಒರಗಿ ಉಗುರು ಕಚ್ಚುತ್ತ ನಿಂತಿದ್ದಳು. ಪುಟ ತಿರುಗಿತು. ಏರಿಯ ಬುಡದಲ್ಲಿ ಕಂಬಳಿ ಹಾಸಿತ್ತು, ಅದರ ಮೇಲೆ ಅವನು ಕೂತಿದ್ದ, ಒಂದು ಮೊಣಕಾಲು ಮೇಲೆ ಮಾಡಿ, ಇನ್ನೊಂದು ಚಾಚಿ.

ದುರುಗಕ್ಕನ ಬೆರಳು ನಿಂತಿತು. ಅವಳು ನಗಲಿಲ್ಲ. ಪುಸ್ತಕವನ್ನು ಎದೆಗೆ ಹಿಡಿದುಕೊಂಡು, ನೋಯುವ ಸೊಂಟಕ್ಕೆ ಕೈ ಕೊಟ್ಟು, ಮೆಲ್ಲಗೆ ಮಂಚದಿಂದ ಇಳಿದು ನೆಲದ ಮೇಲೆ ಕೂತಳು.

“ಯಾಕವ್ವಾ ಇಳಿದೆ? ಮೇಲೇ ಕೂತ್ಕ, ಬೆಳಕೈತೆ,” ಎಂದಳು ಕೃಷ್ಣವೇಣಿ.

“ಅಪ್ಪ ಕೆಳ್ಗೆ ಕೂತವ್ನೆ,” ಎಂದಳು ದುರುಗಕ್ಕ. “ನಾನು ಮಂಚದ ಮ್ಯಾಲೆ ಕೂರಾದಾ?”

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟು, ಅವಳು ಮುಂದಿನ ಪುಟ ತಿರುಗಿಸಿದಳು. ಮಗಳೂ ಪಕ್ಕದಲ್ಲಿ ಕೂತಳು.